ಯೂರಿಯಾ ಚೀಲದ ಜೀನು

ಸೂಜಿ ಓಡುವಾಗ ಸಂಘಮಿತ್ರಾ ನಗುತ್ತಾಳೆ. ತಿಳವಳ್ಳಿಯ ಅರ್ಧ ಊರಿಗೆ ಇದು ಗೊತ್ತು. ಹಾನಗಲ್ಲಿನ ಮೊದಲ ಬಸ್ಸಿಗೆ ಕಾದು ನಿಂತವರು ಕೆರೆಯ ಏರಿಯ ಕಡೆ ಕತ್ತು ಹೊರಳಿಸುತ್ತಾರೆ. ಒಂದು ಕೆಂಪು ಕುದುರೆ, ಅದರ ಕುತ್ತಿಗೆಗೆ ಅಂಟಿಕೊಂಡ ಒಬ್ಬ ಹುಡುಗಿ, ಇಬ್ಬರ ಹಿಂದೆ ಒಂದಿಷ್ಟು ಧೂಳು. ಹತ್ತಿರ ಬಂದರೆ ಹಲ್ಲು ಕಾಣುತ್ತವೆ. ಹುಡುಗಿಯವು. ಯಾಕ ನಗತಿ ಎಂದು ಅವ್ವ ಶಂಕ್ರವ್ವ ಕೇಳಿದರೆ, ಗಾಳಿ ಬಾಯಾಗ ಹೊಕ್ಕು ಕಚಗುಳಿ ಇಡತೈತಿ ಅನ್ನುತ್ತಾಳೆ.

ಕುದುರೆ ಅವಳದಲ್ಲ. ಉಳಿವೆಪ್ಪನದು. ಊರ ಹೊರಗೆ ಗೋವಿನಜೋಳದ ಹೊಲದ ಮಗ್ಗುಲಿಗೆ ಅವನ ಫಾರ್ಮು. ಫಾರ್ಮು ಅಂದರೆ ದೊಡ್ಡದೇನಲ್ಲ. ತಗಡಿನ ಲಾಯ ಒಂದು, ನೀರಿನ ತೊಟ್ಟಿ ಒಂದು, ನಾಲ್ಕು ಕುದುರೆ. ಪಟ್ಟಣದ ರೇಸಿನಲ್ಲಿ ಓಡಿ ಹಿಂದೆ ಬಿದ್ದ ಕುದುರೆಗಳನ್ನು ತಂದು, ತಿನ್ನಿಸಿ, ತಾಲೀಮು ಕೊಟ್ಟು, ಈ ಕಡೆಯ ಶರ್ಯತ್ತುಗಳಿಗೆ ಬಿಡುವ ಹುಚ್ಚು ಅವನಿಗೆ. ಹಾನಗಲ್, ಸವಣೂರು, ಹಿರೇಕೆರೂರು, ಎಲ್ಲಿ ಶರ್ಯತ್ತು ಇದ್ದರೂ ಅವನ ಟೆಂಪೋ ಹೊರಡುತ್ತದೆ. ಎರಡು ಕುದುರೆಗಳ ನಡುವೆ ದಾರದಷ್ಟು ಸಂದಿ ಸಿಕ್ಕರೂ ತೂರಿಕೊಂಡು ಹೋಗುವ ಈ ಹೆಣ್ಣುಕುದುರೆಗೆ ಸೂಜಿ ಎಂದು ಹೆಸರಿಟ್ಟವನು ಅಫ್ಜಲ. ಪುಣೆಯ ಲಾಯಗಳಲ್ಲಿ ತಲೆಗೂದಲು ಬೆಳ್ಳಗೆ ಮಾಡಿಕೊಂಡು ಬಂದ ತಾಲೀಮುದಾರ. ಎಡಗಾಲು ಸೊಟ್ಟ. ಮಾತು ಕಡಿಮೆ.

ಶಂಕ್ರವ್ವ ಆ ಲಾಯದ ಲದ್ದಿ ಬಳಿಯುತ್ತಿದ್ದಳು. ಮಗಳು ಅವಳ ಜತೆ ಪುಟ್ಟಿ ಹೊರಲು ಬರುತ್ತಿದ್ದಳು. ಒಮ್ಮೆ ಸೂಜಿ ಹಗ್ಗ ಹರಿದುಕೊಂಡು ಜೋಳದಲ್ಲಿ ನುಗ್ಗಿತು. ಆಳುಗಳೆಲ್ಲ ಕೋಲು ಹಿಡಿದು ಕೂಗಾಡುತ್ತಿದ್ದಾಗ ಈ ಹುಡುಗಿ ಬದುವಿನ ಮೇಲಿಂದ ಜಿಗಿದು ಅದರ ಬೆನ್ನೇರಿ, ಕೂದಲು ಹಿಡಿದು, ಲಾಯಕ್ಕೆ ತಂದು ನಿಲ್ಲಿಸಿದಳು. ಅವಳು ಕೆಳಗೆ ಬಿದ್ದದ್ದು ಅದು ನಿಂತ ಮೇಲೆ. ಅಫ್ಜಲ ಅಂದೇ ಮಾಲಕನಿಗೆ ಹೇಳಿದ. ತನ್ನ ಕಾಲು ಹತ್ತಲು ಬಾರದು, ಮಾಲಕರ ತಂಗಿಯ ಮಗ ಸುದೀಪನಿಗೆ ಬೆಳಕು ಹರಿಯುವುದೇ ಎಂಟಕ್ಕೆ, ಬೆಳಗಿನ ಓಟಕ್ಕೆ ಈ ಹುಡುಗಿ ಇರಲಿ ಎಂದು. ಉಳಿವೆಪ್ಪ ಅವಳ ತೂಕವನ್ನು ಕಣ್ಣಲ್ಲೇ ಅಳೆದು ಹೂಂ ಅಂದ.

ಅಂದಿನಿಂದ ಅವಳ ದಿನ ಕುದುರೆಯ ಕಾಲಿನಿಂದ ಸುರು. ಮಸುಕಿನಲ್ಲೇ ಬಂದು ನಾಲ್ಕೂ ಕುದುರೆಯ ಕಾಲು ಸವರಿ ನೋಡಬೇಕು. ಎಲ್ಲಾದರೂ ಬಿಸಿ ಇದೆಯೋ, ಬಾವು ಇದೆಯೋ. ನೀರು ಕುಡಿಸಬೇಕು. ಗೊರಸಿನ ಸಂದಿಯ ಕೆಸರು, ಹರಳು ಕೆದರಿ ತೆಗೆಯಬೇಕು. ಮೈ ತಿಕ್ಕಬೇಕು. ಕೆರೆಯ ತನಕ ನಡಿಗೆ, ಏರಿಯ ಮೇಲೆ ಲಗಾಮು ಬಿಗಿಹಿಡಿದ ಜಗ್ಗು ಓಟ, ವಾರಕ್ಕೆ ಎರಡು ಸಲ ಮಾತ್ರ ಉಸಿರು ಬಿಚ್ಚಿ ಓಟ. ದಿನಾ ಓಡಿಸಿದರೆ ಕುದುರೆ ಮುರಿಯುತ್ತದೆ, ಓಡಿಸದೆ ಇಟ್ಟರೆ ಕೊಳೆಯುತ್ತದೆ ಎಂದು ಅಫ್ಜಲ ಕಲಿಸಿದ್ದ. ತಿರುಗಿ ಬರುವಾಗ ಬೆವರು ಆರುವಷ್ಟು ನಡೆಸಿ, ಮೈ ತೊಳೆದು, ಹುರುಳಿ ಭೂಸಾ ಕಲಸಿ ಇಟ್ಟು, ಆಮೇಲೆ ಲದ್ದಿ. ಸಂಜೆಗೆ ಮತ್ತೆ ಅದೇ. ಅವಳ ಅಂಗೈ ಲಗಾಮು ಹಿಡಿದು ಹಿಡಿದು ಎತ್ತಿನ ಹೆಗಲಾಗಿತ್ತು. ತೊಡೆಯ ಒಳಮಗ್ಗುಲು ಚರ್ಮ ಸುಲಿದು, ಒಣಗಿ, ಮತ್ತೆ ಸುಲಿದಿತ್ತು. ಒಮ್ಮೆ ಬಿದ್ದು ಭುಜದ ಎಲುಬು ಬಿರಿದಾಗ ಅವ್ವನ ಹಳೆ ಸೀರೆಯಿಂದ ಕೈ ಕಟ್ಟಿಕೊಂಡು ಉಳಿದ ಮೂರು ಕುದುರೆಗಳನ್ನು ನಡೆಸಿ ಬಂದಿದ್ದಳು. ನೋವಿನ ಲೆಕ್ಕ ಅವಳಿಗೆ ಬೇಕಿರಲಿಲ್ಲ. ಏರಿಯ ಮೇಲೆ ಸೂಜಿ ಕಾಲು ಬಿಚ್ಚಿತೆಂದರೆ ಸಾಕು.

ಆದರೆ ಆ ಲಾಯದಲ್ಲಿ ಜೀನು ಎರಡು ಇದ್ದವು.

ಒಂದು ಹಳೆಯದು. ಹರಿದಲ್ಲಿ ಗೋಣಿತಾಟು ಹೊಲಿದದ್ದು. ಅದು ಅವಳದು. ಇನ್ನೊಂದು ಪುಣೆಯಿಂದ ತರಿಸಿದ್ದು. ಹಗುರ, ಕರಿ ಚರ್ಮ, ಮೆತ್ತಗೆ. ಅದು ಉಳಿವೆಪ್ಪನ ಪಡಸಾಲೆಯ ಗೂಟದಲ್ಲಿ ನೇತಾಡುತ್ತಿತ್ತು. ಶರ್ಯತ್ತಿನ ದಿನ ಮಾತ್ರ ಇಳಿಯುತ್ತಿತ್ತು, ಸುದೀಪನಿಗೆ. ಅದಕ್ಕೆ ಎಣ್ಣೆ ಹಚ್ಚಿ ತಿಕ್ಕುವ ಕೆಲಸ ಸಂಘಮಿತ್ರಾಳದು. ಉಳಿವೆಪ್ಪನ ಹೆಂಡತಿ ಸರೋಜವ್ವ ಅದನ್ನು ಅಂಗಳಕ್ಕೆ ತಂದು ಇಡುತ್ತಿದ್ದಳು. ತಿಕ್ಕಿ ಮುಗಿದ ಮೇಲೆ ನೀರು ಚಿಮುಕಿಸಿ ಒಳಗೆ ಒಯ್ಯುತ್ತಿದ್ದಳು. ಎಣ್ಣೆ ಹಚ್ಚುವಾಗ ಕೈಗೆ ಮೈಲಿಗೆ ಇಲ್ಲ. ಕೂರುವಾಗ ಕುಂಡಿಗೆ ಮೈಲಿಗೆ.

ಹೆಸರಿನ ಕತೆಯೂ ಹಾಗೆಯೇ. ಅವಳಪ್ಪ ಫಕ್ಕೀರಪ್ಪ ಮನೆ ಕಟ್ಟುವ ಗೌಂಡಿ. ಬುದ್ಧನ ದಾರಿ ಹಿಡಿದ ವರ್ಷ ಹುಟ್ಟಿದ ಮಗಳಿಗೆ ಸಂಘಮಿತ್ರಾ ಎಂದು ಹೆಸರಿಟ್ಟಿದ್ದ. ಉಳಿವೆಪ್ಪನ ಬಾಯಲ್ಲಿ ಅದು ಸಂಗಿ. ಮನಸ್ಸು ಖುಷಿ ಇದ್ದ ದಿನ ಸಂಗವ್ವ. ಅಷ್ಟುದ್ದ ಹೆಸರು ತಗೊಂಡು ನೀ ಎಲ್ಲಿ ಇಡತೀ ಎಂದು ಒಮ್ಮೆ ನಕ್ಕಿದ್ದ. ಅವಳೂ ನಕ್ಕಿದ್ದಳು. ಆಗ ನಕ್ಕದ್ದು ತಪ್ಪಾಯಿತು ಎಂದು ಆಮೇಲೆ ಅನಿಸಿತು.

ಭತ್ತ ಕೊಯ್ದು ಗದ್ದೆಗಳು ಬಯಲಾದ ಮೇಲೆ ಹಾನಗಲ್ಲಿನ ಹೊರಗೆ ಒಂದು ಶರ್ಯತ್ತು ಗೊತ್ತಾಯಿತು. ಅದರ ವಾರದಲ್ಲೇ ಸುದೀಪ ಬೈಕು ತಗೊಂಡು ಹೋಗಿ ಆಡಿಗೆ ಗುದ್ದಿದ. ಆಡು ಎದ್ದು ಹೋಯಿತು. ಸುದೀಪನ ಮಣಿಕಟ್ಟು ಮುರಿಯಿತು. ಉಳಿವೆಪ್ಪ ಒಂದು ಹಗಲೆಲ್ಲ ಲಾಯದ ಮುಂದೆ ಶತಪಥ ಹಾಕಿ, ಸಂಜೆಗೆ ಸಂಘಮಿತ್ರಾಳನ್ನು ಕರೆದ. ಬಾಯಲ್ಲಿ ಬೆಲ್ಲ. ಸೂಜಿಯನ್ನು ನೀನೇ ಓಡಿಸು, ಸುದೀಪನ ಅಂಗಿ ಹಾಕಿಕೋ, ತಲೆಗೆ ಹೆಲ್ಮೆಟ್ ಇರುತ್ತದೆ, ಜಡೆ ಒಳಗೆ ಕಟ್ಟಿಕೊಂಡರೆ ಯಾರಿಗೂ ತಿಳಿಯುವುದಿಲ್ಲ ಅಂದ. ಹೆಸರು ಮಾತ್ರ ಸುದೀಪನದು. ಗೆದ್ದರೆ ಬಹುಮಾನದ ಕಪ್ ತಗೊಳ್ಳಲು ವೇದಿಕೆ ಅವನೇ ಹತ್ತುತ್ತಾನೆ.

ಹಸಿದವನಿಗೆ ಹಳಸಿದ್ದೂ ಹೋಳಿಗೆ. ಅವಳು ಹೂಂ ಅಂದಳು. ಅವಳು ಒಮ್ಮೆಯೂ ಶರ್ಯತ್ತಿನಲ್ಲಿ ಓಡಿರಲಿಲ್ಲ. ಟೆಂಪೋದ ಹಿಂದೆ ಕುದುರೆಯ ಜತೆ ನಿಂತು ಹೋಗಿ, ಗೆರೆಯ ಆಚೆ ಬಕೀಟು ಹಿಡಿದು ನಿಂತು, ತಾನು ಪಳಗಿಸಿದ ಕುದುರೆಯ ಮೇಲೆ ಇನ್ನೊಬ್ಬ ಅಳ್ಳಾಡುತ್ತ ಹೋಗುವುದನ್ನು ನೋಡಿದ್ದಳು ಅಷ್ಟೇ.

ಮನೆಯಲ್ಲಿ ಅಪ್ಪನಿಗೆ ಇದು ಸೇರಲಿಲ್ಲ. "ನಾ ಕಟ್ಟಿದ ಮನಿಗಳ ಮ್ಯಾಲೆ ಯಾರ್‍ಯಾರದೋ ಹೆಸರೈತಿ," ಅಂದ ಫಕ್ಕೀರಪ್ಪ. "ನಿನಗೂ ಅದ ಗತಿ ಯಾಕ?"

ಮೊದಲು ಓಡುತ್ತೇನೆ, ಹೆಸರು ಆಮೇಲೆ ನೋಡೋಣ ಎಂದು ಅವಳು ಹಾರಿಸಿದಳು. ಅಪ್ಪ ಊಟದ ತಾಟು ಸರಿಸಿ ಎದ್ದ.

ಶರ್ಯತ್ತಿನ ದಿನ ಹಾನಗಲ್ಲಿನ ಹೊರಗಿನ ಗದ್ದೆಯಲ್ಲಿ ಜನ ಕಿಕ್ಕಿರಿದಿದ್ದರು. ಗಿರ್ಮಿಟ್ಟಿನ ಗಾಡಿ, ಕಬ್ಬಿನ ಹಾಲಿನ ಗಾಡಿ, ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಮೈಕು. ಮೈಕಿನಲ್ಲಿ ಅಜ್ಜಪ್ಪ. ಜಿಲ್ಲೆಯಲ್ಲಿ ಎಲ್ಲಿ ಶರ್ಯತ್ತು ನಡೆದರೂ ಕೂಗುವವನು ಅವನೇ. ಶಂಕ್ರವ್ವ ಹೊಸ ಸೀರೆ ಉಟ್ಟು ಬಂದಿದ್ದಳು. ಮಗಳು ಓಡುವುದನ್ನು ಗುಟ್ಟಾಗಿ ನೋಡಲು ಹೊಸ ಸೀರೆ ಯಾಕೆ ಎಂದು ಯಾರೂ ಕೇಳಲಿಲ್ಲ.

ಟೆಂಪೋದ ಮರೆಯಲ್ಲಿ ಅಫ್ಜಲ ಸೂಜಿಗೆ ಪುಣೆಯ ಜೀನು ಬಿಗಿದ. ಸಂಘಮಿತ್ರಾ ಸುದೀಪನ ಅಂಗಿಯ ತೋಳು ಮಡಿಚಿಕೊಳ್ಳುತ್ತ ಆ ಕರಿ ಚರ್ಮವನ್ನೇ ನೋಡುತ್ತಿದ್ದಳು. ಆಗ ಉಳಿವೆಪ್ಪ ಕಂಕುಳಲ್ಲಿ ಏನೋ ಇಟ್ಟುಕೊಂಡು ಬಂದ. ಯೂರಿಯಾ ಚೀಲ. ಬಿಳಿ ಪ್ಲಾಸ್ಟಿಕ್ಕು, ಚೊಕ್ಕ ತೊಳೆದು ಒಣಗಿಸಿದ್ದು. ಅದನ್ನು ಬಿಡಿಸಿ ಜೀನಿನ ಮೇಲೆ ಹಾಸಿ, ನಾಲ್ಕು ಮೂಲೆಗೂ ಸುತಳಿ ಕಟ್ಟತೊಡಗಿದ. ಬಸ್ಸಿನ ಸೀಟಿಗೆ ಕರವಸ್ತ್ರ ಹಾಕುವಷ್ಟು ಸಹಜವಾಗಿ.

ಅಫ್ಜಲ ಚೀಲದ ಮೇಲೆ ಅಂಗೈ ಜಾರಿಸಿ ತೋರಿಸಿದ. "ಮಾಲಕರ, ಪ್ಲಾಸ್ಟಿಕ್ ಜಾರತೈತಿ. ಓಟದಾಗ ಬಿದ್ರ ಹಿಂದಿನ ಕುದುರಿ ತುಳೀತಾವ. ಹುಡುಗಿ ಉಳಿಯೂದಿಲ್ಲ."

"ಗಟ್ಟಿ ಹಿಡಕೊಂಡು ಕುಂದ್ರತಾಳ ಬಿಡೋ," ಅಂದ ಉಳಿವೆಪ್ಪ. ಸುತಳಿಯ ಗಂಟು ಹಲ್ಲಿನಿಂದ ಬಿಗಿಯುತ್ತಿದ್ದ. "ನಾಳಿ ಅದ ಜೀನಿನ ಮ್ಯಾಲೆ ನಮ್ಮ ಹುಡುಗ ಕುಂದ್ರಬೇಕಲ್ಲ."

ಅವನು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಗುಟ್ಟಾಗಿಯೂ ಹೇಳಲಿಲ್ಲ. ಅವಳು ಒಂದು ಮಾರು ದೂರದಲ್ಲಿ ನಿಂತಿದ್ದಳು. ಅವಳಿಗೆ ಕೇಳಿಸಿತೋ ಇಲ್ಲವೋ ಎಂಬ ಯೋಚನೆಯೇ ಅವನಿಗೆ ಬರಲಿಲ್ಲ. ಕುದುರೆಯ ಮುಂದೆ ಮಾತಾಡುವಾಗ ಕುದುರೆಗೆ ಕೇಳಿಸುತ್ತದೆ ಎಂದು ಯಾರು ಯೋಚಿಸುತ್ತಾರೆ.

ಸಂಘಮಿತ್ರಾಳ ಕಿವಿ ಬಿಸಿಯಾದವು. ಬೀಳುವ ಭಯಕ್ಕಲ್ಲ. ಬೀಳುವುದು ಅವಳಿಗೆ ಗೊತ್ತು. ತಾನು ಸತ್ತರೂ ಜೀನು ಚೊಕ್ಕ ಇರಬೇಕು. ಅದನ್ನು ಅವಳು ಒಳಗೇ ಎರಡು ಸಲ ಹೇಳಿಕೊಂಡಳು. ಆಮೇಲೆ ಹೋಗಿ ಸುತಳಿ ಎಳೆದಳು. ಒಂದು ಗಂಟು ಬಿಚ್ಚಿತು, ಮೂರು ಹರಿದವು. ಯೂರಿಯಾ ಚೀಲ ಕೆಳಗೆ ಬಿತ್ತು. ಉಳಿವೆಪ್ಪ ಬಾಯಿ ತೆರೆಯುವುದರೊಳಗೆ ಅಫ್ಜಲ ಅಂಗೈ ಕೊಟ್ಟ. ಅವಳು ಅದರ ಮೇಲೆ ಕಾಲಿಟ್ಟು ಜೀನಿನ ಮೇಲಿದ್ದಳು.

ಅದೇ ಹೊತ್ತಿಗೆ ಮೈಕಿನಲ್ಲಿ ಅಜ್ಜಪ್ಪ ಕೂಗಿದ. ನಂಬರ ನಾಲ್ಕು, ತಿಳವಳ್ಳಿ ಉಳಿವೆಪ್ಪನವರ ಸೂಜಿ, ಸವಾರ ಸುದೀಪ, ಗೆರೆಗೆ ಬರಬೇಕು.

ಅವಳು ಗೆರೆಗೆ ಹೋಗಲಿಲ್ಲ. ಸೂಜಿಯನ್ನು ಟ್ರೇಲರಿನ ಕಡೆ ತಿರುಗಿಸಿದಳು. ಜನ ಸಂದಿ ಬಿಟ್ಟರು. ಕುದುರೆಯ ಮೇಲೆ ಕೂತರೆ ಮೈಕು ಸರಿಯಾಗಿ ಬಾಯಿಯ ಎತ್ತರಕ್ಕೆ ಬರುತ್ತದೆ. ಅವಳು ಹೆಲ್ಮೆಟ್ ತೆಗೆದಳು.

"ಸವಾರ ಸುದೀಪ ಅಲ್ರಿ," ಅಂದಳು. "ಸುದೀಪ ಅಲ್ಲಿ ಕಬ್ಬಿನ ಹಾಲು ಕುಡಿಯಾಕತ್ತಾನ."

ಇಡೀ ಗದ್ದೆ ಹೊರಳಿ ನೋಡಿತು. ಸುದೀಪ ಒಂದು ಕೈಗೆ ಬ್ಯಾಂಡೇಜು, ಇನ್ನೊಂದು ಕೈಗೆ ಗ್ಲಾಸು ಹಿಡಿದು ನಿಂತಿದ್ದ. ನಗೆ ಎದ್ದಿತು. ಅಜ್ಜಪ್ಪನಿಗೆ ಮೈಕು ಹಿಂದೆಳೆದುಕೊಳ್ಳುವುದು ನೆನಪಾಗಲಿಲ್ಲ.

"ನಾನು ಸಂಘಮಿತ್ರಾ. ತಿಳವಳ್ಳಿ ಕೆಳಗಿನ ಕೇರಿ ಫಕ್ಕೀರಪ್ಪನ ಮಗಳು. ದಿನಾ ಈ ಕುದುರಿ ಓಡಸೂದು ನಾನ. ನನ್ನ ಹೆಸರು ಹೇಳ್ರಿ, ಗೆರಿಗೆ ಹೋಗ್ತೇನಿ."

ನಗೆ ನಿಂತಿತು. ಕೆಳಗಿನ ಕೇರಿ ಎಂಬ ಮಾತು ಗದ್ದೆಯ ಮೇಲೆ ಕೂತಿತು. ಶರ್ಯತ್ತಿನ ಪಂಚರು ಒಬ್ಬರ ಮುಖ ಒಬ್ಬರು ನೋಡಿದರು. ಅಜ್ಜಪ್ಪ ಜಾಣ. ಕುದುರೆ ಯಾರದೋ ಅವರೇ ಸವಾರನನ್ನು ಹೇಳಬೇಕು ಎಂದು ಉಳಿವೆಪ್ಪನ ಕಡೆ ಮೈಕು ಚಾಚಿ, ಈಕೆ ನಿಮ್ಮ ಸವಾರಳೋ ಎಂದು ಕೇಳಿದ.

ಹೌದು ಎನ್ನಬಹುದಿತ್ತು. ಒಂದೇ ಮಾತು. ಉಳಿವೆಪ್ಪ ಸುತ್ತ ನಿಂತ ಬೀಗರನ್ನು, ನಂಟರನ್ನು ನೋಡಿದ. ಕುದುರೆಯ ಮೇಲಿನ ಹುಡುಗಿಯನ್ನು ನೋಡಲಿಲ್ಲ.

"ಆಕಿ ಲದ್ದಿ ಬಳಿಯಾಕಿ," ಅಂದ.

ನಾಲ್ಕು ದಿಕ್ಕಿಗೆ ಕಟ್ಟಿದ ಮೈಕಿನ ಕರ್ಣಗಳಲ್ಲಿ ಅದು ಹೋಯಿತು. ಯಾರೋ ಸಿಳ್ಳೆ ಹೊಡೆದರು. ಸಂಘಮಿತ್ರಾ ಜೀನಿನಿಂದ ಇಳಿದಳು. ಸೂಜಿಯ ಹಣೆ ಒಮ್ಮೆ ಸವರಿದಳು. ಲಗಾಮು ಒಯ್ದು ಉಳಿವೆಪ್ಪನ ಕೈಯಲ್ಲಿ ಇಟ್ಟಳು.

"ಹೌದ್ರಿ, ಲದ್ದಿ ಬಳಿಯಾಕಿ. ನಾಳಿಂದ ಅದನ್ನೂ ಬಳಿಯೂದಿಲ್ಲ."

ನಂಬರ ನಾಲ್ಕು ಅಂದು ಓಡಲಿಲ್ಲ. ಸುದೀಪನ ಅಂಗಿ ಟೆಂಪೋದ ಕೊಕ್ಕೆಗೆ ಸಿಕ್ಕಿಸಿ, ತನ್ನ ಅಂಗಿ ಹಾಕಿಕೊಂಡು ಅವಳು ಅವ್ವನ ಜತೆ ಬಸ್‌ಸ್ಟ್ಯಾಂಡಿಗೆ ನಡೆದಳು. ದಾರಿಯಲ್ಲಿ ಶಂಕ್ರವ್ವನಿಗೆ ನಗು ತಡೆಯಲಾಗಲಿಲ್ಲ. ಕಬ್ಬಿನ ಹಾಲು ಕುಡಿಯಾಕತ್ತಾನ ಎಂದು ಮಗಳ ದನಿಯಲ್ಲೇ ಅಂದು ಅಂದು ನಕ್ಕಳು. ಇಬ್ಬರೂ ಬಿಸಿ ಮಿರ್ಚಿ ಬಜಿ ತಿಂದರು. ಬಸ್ಸು ಹೊರಟ ಮೇಲೆ ಸಂಘಮಿತ್ರಾ ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ಸೂಜಿಯ ಬಾಯಿಯ ಲಗಾಮಿನ ಕಬ್ಬಿಣ ಬಿಚ್ಚದೆ ಬಂದಿದ್ದಳು. ಯಾರು ಬಿಚ್ಚಿದರೋ, ಸರಿಯಾಗಿ ಬಿಚ್ಚಿದರೋ ಎಂದು ಅಳು. ಮಿರ್ಚಿ ಖಾರ ಐತಿ ಅಂದಳು. ಅವ್ವ ಹೌದು ಅಂದಳು.

ಮರುದಿನ ಅವಳು ಹೋಗಲಿಲ್ಲ. ಶಂಕ್ರವ್ವ ಹೋಗಲಿಲ್ಲ. ಹುಲ್ಲು ಕೊಯ್ಯುವ, ನೀರು ಹೊರುವ ಕೇರಿಯ ಉಳಿದ ಹೆಣ್ಣಾಳುಗಳನ್ನು ಯಾರೂ ಕರೆದು ಹೇಳಿರಲಿಲ್ಲ. ಅವರೂ ಹೋಗಲಿಲ್ಲ. "ಲದ್ದಿಗೇನು ಜಾತಿ ಇಲ್ಲಲ್ಲ," ಅಂದಳು ಶಂಕ್ರವ್ವ ಕಟ್ಟೆಯ ಮೇಲೆ ಕೂತು. "ಅವರ ತಗೀಲಿ."

ಅವರೇ ತೆಗೆದರು. ಸರೋಜವ್ವ ಮೂಗಿಗೆ ಸೆರಗು ಕಟ್ಟಿಕೊಂಡು, ಸುದೀಪ ಒಂದೇ ಕೈಯಲ್ಲಿ ಸಲಿಕೆ ಹಿಡಿದುಕೊಂಡು. ಕುದುರೆ ಒಂದು ದಿನಕ್ಕೆ ಎಷ್ಟು ಹಾಕುತ್ತದೆ ಎಂಬುದು ಆ ಮನೆಯವರಿಗೆ ಆಗಲೇ ತಿಳಿದದ್ದು. ಊರಲ್ಲಿ ಸುದ್ದಿ ಹಬ್ಬಿತು. ಹಾಲು ಹಾಕುವ ನೆವದಲ್ಲಿ ಜನ ಲಾಯದ ಕಡೆ ಹೋಗಿ ನೋಡಿ ಬಂದರು.

ನಗೆಯ ಹಿಂದೆಯೇ ಬೆದರಿಕೆ ಬಂತು. ಕೇರಿಯವರನ್ನು ಕಬ್ಬು ಕಡಿಯಲು ಕರೆಯಬೇಡಿ ಎಂದು ಮೇಲಿನ ಓಣಿಯಲ್ಲಿ ಮಾತಾಯಿತು. ಫಕ್ಕೀರಪ್ಪ ಅರ್ಧ ಕಟ್ಟಿದ್ದ ಒಂದು ಗೋಡೆಯ ಕೆಲಸ ತಪ್ಪಿತು. ಕೇರಿಯ ಹಿರಿಯರು ಬಂದು, ಹುಡುಗಿ ಒಂದು ಮಾತು ತಪ್ಪಾಯ್ತು ಅನ್ನಲಿ, ದೊಡ್ಡವರ ಜತೆ ಹಟ ಯಾಕೆ ಅಂದರು. ಸಂಘಮಿತ್ರಾ ಅಪ್ಪನ ಮುಖ ನೋಡಿದಳು. ಫಕ್ಕೀರಪ್ಪ ಬೀಡಿ ಹಚ್ಚಿ, ಆ ಗೋಡೆ ಹೆಂಗೂ ಸೊಟ್ಟ ಇತ್ತು, ಹೋಗಲಿ ಬಿಡ್ರಿ ಎಂದ. ಅವನ ಗೋಡೆ ಯಾವತ್ತೂ ಸೊಟ್ಟ ಇದ್ದದ್ದಿಲ್ಲ. ಹಿರಿಯರಿಗೂ ಅದು ಗೊತ್ತಿತ್ತು. ಚಾ ಕುಡಿದು ಎದ್ದು ಹೋದರು.

ಲಾಯದಲ್ಲಿ ಕುದುರೆಗಳು ನಿಂತೇ ಇದ್ದವು. ಸವಣೂರಿನ ಕಡೆಯಿಂದ ಒಬ್ಬ ಸವಾರ ಬಂದ. ಓಡಿಸುವುದರ ಜತೆ ಲದ್ದಿಯನ್ನೂ ತೆಗೆಯಬೇಕು ಎಂದಾಗ ಬಂದ ಬಸ್ಸಿಗೇ ತಿರುಗಿ ಹೋದ. ಸೂಜಿಯ ಹಿಂಗಾಲು ಬಾತವು. ಅದು ತಗಡನ್ನು ಒದ್ದು ಒದ್ದು ಡೊಳ್ಳು ಮಾಡಿತು. ಅಫ್ಜಲ ತಣ್ಣೀರಿನ ಬಟ್ಟೆ ಸುತ್ತಿ ಸುತ್ತಿ ಸಾಕಾಗಿ, ಸವಣೂರಿನ ರಿಯಾಜ ತನ್ನ ಲಾಯಕ್ಕೆ ಕರೆಯುತ್ತಿದ್ದಾನೆ, ಈ ತಿಂಗಳು ಮುಗಿಸಿ ಹೋಗುತ್ತೇನೆ ಎಂದು ಮಾಲಕನಿಗೆ ತಿಳಿಸಿದ. ಅಂದು ಉಳಿವೆಪ್ಪನಿಗೆ ಊಟ ಸೇರಲಿಲ್ಲ. ಎರಡು ದಿನ ತಡೆದು, ಮೂರನೆಯ ಮುಂಜಾನೆ ಅವನು ಕೆಳಗಿನ ಕೇರಿಗೆ ಬಂದ. ಹುಟ್ಟಿ ಬೆಳೆದ ಊರಿನಲ್ಲಿ ಆ ತಿರುವು ದಾಟಿದ್ದು ಅದೇ ಮೊದಲು. ಯಾವ ಮನೆ ಎಂದು ಕೇಳಿಕೊಂಡು ಬರಬೇಕಾಯಿತು.

ಬರ್ರಿ, ಕುಂದರ್ರಿ ಎಂದು ಶಂಕ್ರವ್ವ ಮರ್ಯಾದೆಯಿಂದಲೇ ಕರೆದಳು. ಅವನು ಕೂರಲಿಲ್ಲ. ಸೂಜಿಯ ಕಾಲು ಬಾತದ್ದು ಹೇಳಿದ. ಮುಂದಿನ ತಿಂಗಳು ಹಿರೇಕೆರೂರಿನ ಕಡೆ, ಅಬಲೂರಿನ ಬಯಲಲ್ಲಿ ಶರ್ಯತ್ತಿದೆ ಎಂದ. ಕುದುರೆ ಕೆಟ್ಟರೆ ಪಾಪ ಯಾರಿಗೆ ಬರುತ್ತದೆ ಎಂದು ಕೇಳಿದ.

"ಕಟ್ಟಿ ಹಾಕಿದವರಿಗೆ," ಅಂದಳು ಸಂಘಮಿತ್ರಾ. ಕಾಲು ಬಾತದ್ದು ಕೇಳಿ ಆಗಲೇ ಓಡಿಹೋಗಿ ಸವರಬೇಕು ಅನಿಸಿತ್ತು. ಅದನ್ನು ಮುಖಕ್ಕೆ ತಂದುಕೊಳ್ಳಲಿಲ್ಲ. "ಬರ್ತೇನಿ. ಒಂದ ಜೀನು ಇರಬೇಕು. ಅಬಲೂರಾಗ ಓಡಾಕಿ ನಾನ. ಮೈಕಿನಾಗ ನನ್ನ ಹೆಸರು ನೀವ ಹೇಳಬೇಕು. ಪೂರಾ."

ಅವನು ಗೊಣಗಿದ. ಮೊದಲ ಎರಡು ಆಗಲಿ, ಮೈಕು ಯಾಕೆ, ಅಜ್ಜಪ್ಪ ಹೇಳುತ್ತಾನಲ್ಲ ಅಂದ. ಲದ್ದಿ ಬಳಿಯಾಕಿ ಅಂದದ್ದು ಅಜ್ಜಪ್ಪ ಅಲ್ಲವಲ್ಲ ಎಂದು ಶಂಕ್ರವ್ವ ಒಳಗಿನಿಂದ ಅಂದಳು. ಉಳಿವೆಪ್ಪ ಬಂದ ದಾರಿಯಲ್ಲೇ ತಿರುಗಿ ಹೋದ. ಸಂಜೆ ಸುದೀಪ ಬೈಕಿನ ಮೇಲೆ ಪುಣೆಯ ಜೀನು ಕಟ್ಟಿಕೊಂಡು ಬಂದು ಅವಳ ಮನೆಯ ಕಟ್ಟೆಯ ಮೇಲಿಟ್ಟ. ಹೋಗುವಾಗ, ಆ ಕುದುರಿ ಮ್ಯಾಲೆ ಕುಂತ್ರ ನನಗ ಅಂಜಿಕಿ ಬರತಿತ್ತು, ಈಗ ಪಾರಾದೆ ಎಂದು ನಕ್ಕ. ಅವನ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ.

ಸೂಜಿಯ ಕಾಲು ಇಳಿಯಲು ಬಹಳ ದಿನ ಹಿಡಿಯಿತು. ಮೊದಲು ಬರೀ ನಡಿಗೆ. ಆಮೇಲೆ ಕೆರೆಯ ನೀರಿನಲ್ಲಿ ಮೊಣಕಾಲು ಮಟ ನಿಲ್ಲಿಸುವುದು. ಆಮೇಲೆ ಜಗ್ಗು ಓಟ. ನಿಂತು ಕೊಳೆತದ್ದನ್ನು ತಿರುಗಿ ಕಟ್ಟಬೇಕಿತ್ತು, ದಿನಗಳು ಕಡಿಮೆ ಇದ್ದವು. ಅಫ್ಜಲ ಸವಣೂರಿನ ಮಾತು ಎತ್ತಲಿಲ್ಲ.

ಅಬಲೂರಿನ ಬಯಲು ಒಣ ನೆಲ, ಗಟ್ಟಿ ನೆಲ. ಟ್ರೇಲರಿನ ಮೇಲೆ ಅದೇ ಅಜ್ಜಪ್ಪ. ಉಳಿವೆಪ್ಪ ಮೈಕು ಹಿಡಿದು ಕೆಮ್ಮಿದ. ಸೂಜಿ, ಸವಾರಳು ಸಂಗವ್ವ ಅಂದ. ಸಂಘಮಿತ್ರಾ ಸೂಜಿಯನ್ನು ಇದ್ದಲ್ಲೇ ನಿಲ್ಲಿಸಿಕೊಂಡಳು. ಉಳಿದ ಕುದುರೆಗಳು ಗೆರೆಗೆ ಹೋಗಿ ಕುಣಿದಾಡುತ್ತಿದ್ದವು. ಜನ ಏನಾತು ಏನಾತು ಅಂದರು. ಉಳಿವೆಪ್ಪ ಬೆವರು ಒರೆಸಿಕೊಂಡು, ಗಂಟಲಿಗೆ ಒಣರೊಟ್ಟಿ ಸಿಕ್ಕವನಂತೆ, "ಸಂಘ... ಮಿತ್ರಾ" ಅಂದ. "ಸಂಘಮಿತ್ರಾ ಫಕ್ಕೀರಪ್ಪ." ಅವಳು ಗೆರೆಗೆ ನಡೆಸಿದಳು.

ನಿಶಾನೆ ಬಿತ್ತು. ಆರು ಕುದುರೆ ಒಮ್ಮೆಲೇ ನೆಲ ಗುದ್ದಿದವು. ಅವಳ ಕಣ್ಣಿಗೆ ಮಣ್ಣು ಬಡಿಯಿತು, ಮೊಣಕಾಲಿಗೆ ಇನ್ನೊಬ್ಬನ ಮೊಣಕಾಲು ಬಡಿಯಿತು. ಎಡಗಡೆಯವನು ಚಾವಟಿ ಬೀಸಿದ್ದು ಕುದುರೆಗೋ ಅವಳಿಗೋ ತಿಳಿಯಲಿಲ್ಲ, ತೋಳು ಉರಿಯಿತು. ಅವಳು ಬಾಗಿದಳು. ಎರಡು ಕುದುರೆಗಳ ನಡುವೆ ಬೆಳಕು ಕಂಡಿತು. ಸೂಜಿ ತೂರಿತು. ಆಗ ಗಾಳಿ ಬಾಯಿಗೆ ಹೊಕ್ಕಿತು, ಅವಳಿಗೆ ನಗು ಬಂತು. ಮುಂದೆ ಒಂದೇ ಒಂದು ಬಿಳಿ ಕುದುರೆ, ಸವಣೂರಿನ ರಿಯಾಜನದು. ಅದರ ಬಾಲ, ಅದರ ಪಕ್ಕೆ, ಅದರ ಕುತ್ತಿಗೆ. ಇನ್ನೊಂದು ಹತ್ತು ಮಾರು ನೆಲ ಇದ್ದಿದ್ದರೆ. ಇರಲಿಲ್ಲ.

ಎರಡನೆಯ ಜಾಗ. ಕುತ್ತಿಗೆಯಷ್ಟು ಅಂತರ.

ಅವಳು ಸೂಜಿಯನ್ನು ನಡೆಸುತ್ತ ಟ್ರೇಲರಿನ ಹತ್ತಿರ ಬಂದಾಗ ಉಳಿವೆಪ್ಪನ ಬೀಗನೊಬ್ಬ, ಕಂಡವರನ್ನ ಕೂಡಿಸಿದರ ಹಿಂಗ ಆಗೂದು ಅನ್ನುತ್ತಿದ್ದ. ಉಳಿವೆಪ್ಪ ತಲೆ ತಗ್ಗಿಸಿ ಅಜ್ಜಪ್ಪನ ಕಿವಿಯಲ್ಲಿ, ಎರಡನೇದಕ್ಕ ಹೆಸರು ಗಿಸರು ಬ್ಯಾಡ, ಗೆದ್ದವರದಷ್ಟ ಹೇಳಿ ಮುಗಸು ಅಂದ. ಅದು ಅವಳಿಗೆ ಕೇಳಿಸಿತು. ಸೂಜಿಯ ಮೈಯಿಂದ ಬೆವರು ಹನಿಯುತ್ತಿತ್ತು, ಅವಳ ತೋಳಿನಿಂದ ರಕ್ತ.

"ಅಜ್ಜಪ್ಪನವರ," ಅಂದಳು. "ಸೋತದ್ದೂ ನಂದ ಐತ್ರಿ. ಹೆಸರು ಹಚ್ಚಿ ಹೇಳ್ರಿ."

ಅಜ್ಜಪ್ಪ ಉಳಿವೆಪ್ಪನನ್ನು ನೋಡಿದ, ಅವಳನ್ನು ನೋಡಿದ, ಮೈಕು ಬಾಯಿಗೆ ಒಯ್ದ. ತಿಳವಳ್ಳಿ ಕೆಳಗಿನ ಕೇರಿಯ ಸಂಘಮಿತ್ರಾ ಫಕ್ಕೀರಪ್ಪ ಒಂದು ಕುತ್ತಿಗೆಯಷ್ಟು ಸೋತಳು ಎಂದು ನಾಲ್ಕು ಕರ್ಣಗಳು ಅಬಲೂರಿನ ಬಯಲಿಗೆಲ್ಲ ಸಾರಿದವು. ಜನರ ನಡುವಿನಿಂದ ಶಂಕ್ರವ್ವ ಒಬ್ಬಳೇ ಚಪ್ಪಾಳೆ ತಟ್ಟತೊಡಗಿದಳು.